ಮಕ್ಕಳ ವೈರಲ್ ಜ್ವರ: "ಸ್ಟ್ರಾಂಗ್ ಔಷಧಿ" ಕೇಳುವ ಮೊದಲು



ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಡೊಂಬಿವಲಿಯ ನನ್ನ ಕ್ಲಿನಿಕ್‌ನಲ್ಲಿ ಕೂರಲು ಜಾಗ ಇರುವುದಿಲ್ಲ. ಜ್ವರ, ನೆಗಡಿ, ಕೆಮ್ಮು, ವಾಂತಿ-ಭೇದಿ, ಅಂಗೈ ಅಂಗಾಲಲ್ಲಿ ಗುಳ್ಳೆ. ಹೆಚ್ಚಿನವು ವೈರಸ್‌ನಿಂದ ಬಂದವು, ತಾವಾಗಿಯೇ ಹೋಗುವಂಥವು. ಆದರೆ ಒಳಗೆ ಬಂದು ಕುಳಿತ ಕೂಡಲೇ ಕೇಳುವ ಮಾತು ಒಂದೇ: "ಡಾಕ್ಟ್ರೇ, ಏನಾದ್ರೂ ಸ್ಟ್ರಾಂಗ್ ಔಷಧಿ ಬರೀರಿ. ನಾಡಿದ್ದು ನಂಗೆ ರಜೆ ಸಿಗಲ್ಲ."

ಈ ಮಾತಿನ ಹಿಂದಿನ ಸಂಕಟ ನನಗೆ ಗೊತ್ತು. ಊರಲ್ಲಾದರೆ ಅಜ್ಜಿಯೋ ಚಿಕ್ಕಮ್ಮನೋ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಎರಡು ದಿನ ಕಳೆಯುತ್ತಿದ್ದರು. ಇಲ್ಲಿ ಗಂಡ ಹೆಂಡತಿ ಇಬ್ಬರೂ ಲೋಕಲ್ ಹತ್ತಬೇಕು, ಜ್ವರ ಇರುವ ಮಗುವನ್ನು ಪಾಳಣಾಘರ್‌ನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಜ್ಜಿ ಇರುವುದು ವಿಡಿಯೋ ಕಾಲ್‌ನಲ್ಲಿ. ಆದ್ದರಿಂದ ಮಗು ಬೇಗ ಏಳಬೇಕು, ಅದಕ್ಕೆ ಆ್ಯಂಟಿಬಯೋಟಿಕ್ ಬೇಕು ಎಂಬ ಲೆಕ್ಕ.

ಈ ಲೆಕ್ಕ ತಪ್ಪು. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತದೆ, ವೈರಸ್ ಮೇಲೆ ಮಾಡುವುದಿಲ್ಲ. ಕೊಟ್ಟರೂ ಮೂರ್ನಾಲ್ಕು ದಿನ, ಕೊಡದಿದ್ದರೂ ಮೂರ್ನಾಲ್ಕು ದಿನ. ಮೂರನೇ ದಿನ ಔಷಧಿ ಶುರು ಮಾಡಿ ನಾಲ್ಕನೇ ದಿನ ಜ್ವರ ಬಿಟ್ಟಾಗ ಹೆಸರು ಮಾತ್ರ ಬಾಟಲಿಗೆ ಬರುತ್ತದೆ! ಮಗುವಿಗೆ ಸಿಗುವುದು ಭೇದಿ, ಕೆಲವೊಮ್ಮೆ ಮೈಮೇಲೆ ದದ್ದು. ಅದಕ್ಕಿಂತ ದೊಡ್ಡ ನಷ್ಟ, ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಆ ಔಷಧಿಯನ್ನು ಎದುರಿಸಲು ಕಲಿಯುತ್ತವೆ. ಮುಂದೆ ನಿಜವಾಗಿ ನ್ಯುಮೋನಿಯಾ ಬಂದಾಗ, ಟೈಫಾಯ್ಡ್ ಬಂದಾಗ, ಮೂತ್ರದ ಸೋಂಕು ಆದಾಗ ಅದೇ ಔಷಧಿ ಬೇಕಾಗುತ್ತದೆ. ಆಗ ಅದು ಕೆಲಸ ಮಾಡದಿದ್ದರೆ?

ಪೋಷಕರನ್ನಷ್ಟೇ ದೂರುವುದು ನ್ಯಾಯವಲ್ಲ. ಪ್ರಾಕ್ಟೀಸ್ ಶುರು ಮಾಡಿದ ವರ್ಷಗಳಲ್ಲಿ ನಾನೂ ಬರೆದುಕೊಟ್ಟಿದ್ದೇನೆ. ವೈರಲ್ ಎಂದು ಗೊತ್ತಿದ್ದೂ ಬರೆದಿದ್ದೇನೆ. ಹತ್ತು ನಿಮಿಷ ಕೂತು ವಿವರಿಸುವುದಕ್ಕಿಂತ ಒಂದು ಸಾಲು ಗೀಚುವುದು ಸುಲಭ, ಬರೆಯದಿದ್ದರೆ ಅವರು ಪಕ್ಕದ ಬೀದಿಯ ಕ್ಲಿನಿಕ್‌ಗೆ ಹೋಗುತ್ತಾರೆ ಎಂಬ ಭಯ ಬೇರೆ. ಆಮೇಲೆ ಒಂದು ದಿನ ಒಬ್ಬ ತಾಯಿ ಫೈಲ್ ತೆರೆದು ತೋರಿಸಿದರು. ಎರಡು ವರ್ಷದ ಮಗು, ಒಂದೇ ವರ್ಷದಲ್ಲಿ ಏಳು ಸಲ ಆ್ಯಂಟಿಬಯೋಟಿಕ್. ಏಳರಲ್ಲಿ ಮೂರು ಚೀಟಿ ನನ್ನದೇ ಅಕ್ಷರದಲ್ಲಿದ್ದವು. ಆ ತಾಯಿ ಕೇಳಿದ್ದು, "ಇವನಿಗೆ ಇಮ್ಯುನಿಟಿ ಕಮ್ಮಿನಾ ಡಾಕ್ಟ್ರೇ?"

ಕಮ್ಮಿ ಇರಲಿಲ್ಲ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಆರೋಗ್ಯವಂತ ಮಗುವಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಸಹಜ. ಪಾಳಣಾಘರ್‌ಗೋ ಪ್ಲೇಸ್ಕೂಲಿಗೋ ಹೋಗುವ ಮಗುವಿಗೆ ಇನ್ನೂ ಹೆಚ್ಚು. ಒಂದೊಂದು ಸಲದ ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಸಿಂಬಳ ಹಸಿರು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎಂದಲ್ಲ, ಸಾದಾ ನೆಗಡಿಯಲ್ಲೂ ಹಾಗಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಥರ್ಮಾಮೀಟರ್ ನೋಡುವುದನ್ನು ಸ್ವಲ್ಪ ಕಮ್ಮಿ ಮಾಡಿ, ಮಗುವನ್ನು ನೋಡಿ. 102 ಡಿಗ್ರಿ ಇದ್ದರೂ ಪ್ಯಾರಾಸಿಟಮಾಲ್ ಕೊಟ್ಟು ಗಂಟೆಯ ಮೇಲೆ ಎದ್ದು ಆಟಿಕೆ ಹುಡುಕುವ ಮಗುವಿನ ಬಗ್ಗೆ ನನಗೆ ಚಿಂತೆ ಇಲ್ಲ. 100 ಇದ್ದು, ಕಣ್ಣು ಬಿಡದೆ ಹೆಗಲ ಮೇಲೆ ಜೋತುಬಿದ್ದ ಮಗುವಿನ ಬಗ್ಗೆ ಇದೆ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಒಂದೇ ಔಷಧಿ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುತ್ತದೆ. ಒಂದು ಸಿರಪ್‌ನ 5 ಮಿ.ಲೀ.ನಲ್ಲಿ 120 ಅಥವಾ 125 ಮಿ.ಗ್ರಾಂ ಇದ್ದರೆ, ಇನ್ನೊಂದರ 5 ಮಿ.ಲೀ.ನಲ್ಲಿ 250 ಇರುತ್ತದೆ. ಎಳೆಮಕ್ಕಳ ಡ್ರಾಪ್ಸ್ ಎಲ್ಲಕ್ಕಿಂತ ಗಾಢ, ಹೆಚ್ಚಾಗಿ 1 ಮಿ.ಲೀ.ಗೇ 100 ಮಿ.ಗ್ರಾಂ. ಆದ್ದರಿಂದ "ಒಂದು ಚಮಚ ಹಾಕಿ" ಎಂದು ಫೋನಿನಲ್ಲಿ ಹೇಳುವುದು ಅಪಾಯ. ಒಂದು ಸಲಕ್ಕೆ ಕೊಡಬೇಕಾದದ್ದು ಮಗುವಿನ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ. 12 ಕಿಲೋ ಮಗುವಿಗೆ 120ರಿಂದ 180 ಮಿ.ಗ್ರಾಂ, ಅಂದರೆ 125ರ ಸಿರಪ್ ಆದರೆ ಸುಮಾರು 5ರಿಂದ 7 ಮಿ.ಲೀ., 250ರದ್ದಾದರೆ ಅದರ ಅರ್ಧ. ಆರು ಗಂಟೆಗೊಮ್ಮೆ ಸಾಕು. ಎಷ್ಟೇ ಅವಸರ ಇದ್ದರೂ ನಾಲ್ಕು ಗಂಟೆಯೊಳಗೆ ಮತ್ತೆ ಕೊಡಬೇಡಿ. ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ, ನಿಮ್ಮ ಡಾಕ್ಟರ್ ಹತ್ತಿರ ಒಮ್ಮೆ ಲೆಕ್ಕ ಹಾಕಿಸಿ ಬಾಟಲಿಗೇ ಅಂಟಿಸಿಬಿಡಿ. ಮಗುವಿನ ತೂಕ ಏರಿದಂತೆ ಚೀಟಿ ಬದಲಾಗಬೇಕು. ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಕೂಡದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ನಮ್ಮ ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಮೆಡಿಕಲ್‌ನಿಂದ ತರುವ ಇನ್ನೊಂದು ವಸ್ತು ಕೆಮ್ಮಿನ ಸಿರಪ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಸೇರಿದ್ದ ಸಿರಪ್ ಕುಡಿದು ಎಷ್ಟೋ ಎಳೆಯ ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಹೆಚ್ಚಿನವರಿಗೆ ಇದ್ದದ್ದು ಬರೀ ನೆಗಡಿ, ಕೆಮ್ಮು, ಜ್ವರ. ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವಾ ಮಹಾನಿರ್ದೇಶನಾಲಯ ಹೊರಡಿಸಿದ ಸೂಚನೆ ಸ್ಪಷ್ಟವಾಗಿದೆ: ಎರಡು ವರ್ಷದೊಳಗೆ ಕೆಮ್ಮು-ನೆಗಡಿ ಔಷಧಿ ಬೇಡ, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ. ಒಳ್ಳೆಯ ಕಂಪನಿಯ ಸಿರಪ್ ಆದರೂ ಚಿಕ್ಕ ಮಕ್ಕಳ ಕೆಮ್ಮಿಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ಮೂಗಿಗೆ ಸಲೈನ್ ಹನಿ, ಕುಡಿಯಲು ಬೆಚ್ಚಗಿನದ್ದು, ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನು. ಒಂದು ವರ್ಷದೊಳಗೆ ಜೇನು ನೆಕ್ಕಿಸಬೇಡಿ, ಅತ್ತೆ ಬೇಜಾರು ಮಾಡಿಕೊಂಡರೂ ಸರಿ.

ವಾಂತಿ-ಭೇದಿಗೆ ಓಆರ್‌ಎಸ್ ಪುಡಿ, ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಅಲ್ಲ, ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು.

ಇಷ್ಟೆಲ್ಲ ಹೇಳಿದೆನೆಂದು ಎಲ್ಲ ಜ್ವರಕ್ಕೂ ಮನೆಯಲ್ಲೇ ಕೂರಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ಮಗು ಮಲಗಿದ್ದಾಗ ಅಂಗಿ ಎತ್ತಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ತಡಮಾಡಬೇಡಿ. ಎಂಟು ಗಂಟೆಯಾದರೂ ಮೂತ್ರ ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ ಆಗಲೂ ಅಷ್ಟೇ. ಜ್ವರ ಮೂರು ದಿನ ದಾಟಿದರೆ, ಅಥವಾ ಬಿಟ್ಟು ಎರಡು ದಿನವಾದ ಮೇಲೆ ಮತ್ತೆ ಏರಿದರೆ ಡಾಕ್ಟರಿಗೆ ತೋರಿಸಿ. ಆಗ ಪರೀಕ್ಷೆ ಮಾಡಿ ಆ್ಯಂಟಿಬಯೋಟಿಕ್ ಬೇಕು ಎಂದರೆ ಹೇಳಿದಷ್ಟು ದಿನವೂ ತಪ್ಪದೆ ಕೊಡಿ.

ವೈರಸ್‌ಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಡೆಂಗಿ. ಅದರಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಜ್ವರ ಬಿಟ್ಟಿತು ಎಂದು ಮನೆಯವರು ನಿಟ್ಟುಸಿರು ಬಿಡುವಾಗಲೇ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಪರು ಕಾಣಿಸಿದರೆ ಆಟೋ ಹಿಡಿಯಿರಿ. ಡೆಂಗಿ ಇರಬಹುದು ಎಂಬ ಕಾಲದಲ್ಲಿ ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಇರುವ ಜ್ವರದ ಸಿರಪ್ ಬೇಡ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಒಂದೇ ಸಾಕು.

ಮುಂದಿನ ಸಲ ಕ್ಲಿನಿಕ್‌ಗೆ ಹೋದಾಗ "ಸ್ಟ್ರಾಂಗ್ ಔಷಧಿ ಬರೀರಿ" ಎನ್ನುವ ಬದಲು ಎರಡು ಪ್ರಶ್ನೆ ಕೇಳಿ: ಇದು ವೈರಲ್ಲಾ? ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು? ಹೀಗೆ ಕೇಳಿದವರಿಗೆ ಸುಮ್ಮನೆ ಆ್ಯಂಟಿಬಯೋಟಿಕ್ ಬರೆಯಲು ನಮಗೂ ಕೈ ಬರುವುದಿಲ್ಲ.

ಇವತ್ತು ಇನ್ನೊಂದು ಕೆಲಸ ಮಾಡಿ. ಫ್ರಿಜ್ ಬಾಗಿಲಲ್ಲಿ ಕಳೆದ ಮಳೆಗಾಲದ ಅರ್ಧ ಬಾಟಲಿ ಆ್ಯಂಟಿಬಯೋಟಿಕ್ ಇದೆಯೇ ನೋಡಿ. ನೀರು ಬೆರೆಸಿದ ಮೇಲೆ ಅಂಥ ಸಿರಪ್‌ಗಳ ಆಯಸ್ಸು ಹೆಚ್ಚೆಂದರೆ ಒಂದೆರಡು ವಾರ. ಅದನ್ನು ಎಸೆಯಿರಿ. ಪಕ್ಕದ ಮನೆಯ ಮಗುವಿಗಂತೂ ಕೊಡಬೇಡಿ.