ಬಿಲ್ಲಿನ ಪಕ್ಕ ಕೇಸ್ ಶೀಟ್ ಇಟ್ಟು ನೋಡಿ

ನಮ್ಮ ರಾಂಪುರದವರು ದೊಡ್ಡ ಕಾಯಿಲೆ ಬಂತೆಂದರೆ ಬಳ್ಳಾರಿ ಬಸ್ಸು ಹತ್ತುತ್ತಾರೆ, ಇಲ್ಲವೇ ಚಿತ್ರದುರ್ಗದ ಕಡೆ ಹೊರಡುತ್ತಾರೆ. ಶೇಂಗಾ ಮಾರಿದ ದುಡ್ಡು, ಮಗ್ಗದ ಕೂಲಿ, ಕೊನೆಗೆ ಕಿವಿಯ ಓಲೆಯೂ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಹೋಗಿ ಸೇರುತ್ತದೆ. ಅಂಥ ಒಂದು ಕೌಂಟರಿನ ಒಳಗೆ ನಾನು ಹನ್ನೊಂದು ವರ್ಷ ಕೂತಿದ್ದೆ.

ಒಂದು ಬಿಲ್ಲು ಇವತ್ತಿಗೂ ಮರೆತಿಲ್ಲ. ನಮ್ಮ ಕಡೆಯ ರೈತರೊಬ್ಬರು ನ್ಯುಮೋನಿಯಾ ಆಗಿ ಸೇರಿದ್ದರು. ಬಿಲ್ಲಿನಲ್ಲಿ ಇಂಜೆಕ್ಷನ್ 14 ಇತ್ತು. ನರ್ಸ್ ಸಹಿ ಹಾಕಿದ ಔಷಧಿ ಚಾರ್ಟಿನಲ್ಲಿ 9. ಡಾಕ್ಟರು ನಡುವೆ ಮಾತ್ರೆಗೆ ಬದಲಿಸಿದ್ದರು. ಉಳಿದ 5 ಫಾರ್ಮಸಿಗೆ ವಾಪಸ್ ಹೋಗಿದ್ದವು, ಬಿಲ್ಲಿನಿಂದ ಮಾತ್ರ ಕಳೆದಿರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ವಾಪಸಾತಿ ಚೀಟಿ ಯಾವುದೋ ಫೈಲಿನಡಿ ಸಿಕ್ಕಿಕೊಂಡಿತ್ತು. ಅದು ಕೈಗೆ ಬಂದದ್ದು ಮೂರು ವಾರದ ಮೇಲೆ. ತಮ್ಮದೇ ಹಣ ತಗೊಳ್ಳಲು ಅವರು ಒಂದು ದಿನದ ಕೆಲಸ ಬಿಟ್ಟು ಬರಬೇಕಾಯಿತು.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಮ್ಮ ರಾಜ್ಯದಲ್ಲಿ 2007ರಿಂದ ಇದೆ, 2017ರಲ್ಲಿ ತಿದ್ದುಪಡಿಯೂ ಆಯಿತು. ದರಪಟ್ಟಿ ಗೋಡೆಗೆ ಹಾಕಬೇಕು ಎನ್ನುತ್ತದೆ. ಸರಿಯೇ. ಆದರೆ ಆ ಪಟ್ಟಿ ಒಂದು ಇಂಜೆಕ್ಷನ್ನಿನ ಬೆಲೆ ಹೇಳೀತು, ರೋಗಿಗೆ ಎಷ್ಟು ಚುಚ್ಚಿದರು ಎಂಬುದನ್ನಲ್ಲ. ಅದಕ್ಕೆ ಆಸ್ಪತ್ರೆಯೇ ತನ್ನ ಬಿಲ್ಲನ್ನು ತಾನೇ ತಪಾಸಣೆ ಮಾಡಬೇಕು. ಅದೂ ಡಿಸ್ಚಾರ್ಜಿಗೆ ಮೊದಲು. ಕೇಸ್ ಶೀಟ್, ಔಷಧಿ ಚಾರ್ಟ್, ಲ್ಯಾಬ್ ರಿಜಿಸ್ಟರ್, ಆಪರೇಷನ್ ಟಿಪ್ಪಣಿ ಪಕ್ಕಪಕ್ಕ ಇಟ್ಟು ಸಾಲು ಸಾಲು ಹೋಲಿಸಬೇಕು. ಹೋಲಿಸುವವರು ಬಿಲ್ಲು ಬರೆದವರಾಗಿರಬಾರದು. ಬಿಲ್ಲಿಗೆ ಬಾರದೆ ಬಿಟ್ಟುಹೋದ ಪರೀಕ್ಷೆಗಳೂ ಇದರಲ್ಲೇ ಸಿಗುತ್ತವೆ, ಆಸ್ಪತ್ರೆಗೆ ನಷ್ಟವೇನಿಲ್ಲ.

ಆಯುಷ್ಮಾನ್ ಕಾರ್ಡಿನ ರೋಗಿಗಳ ವಿಷಯದಲ್ಲಂತೂ ಇದು ಇನ್ನೂ ಜರೂರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಸರ್ಕಾರವೇ ಕೊಡುವ ಹಣ ಅದು. ಚಿಕಿತ್ಸೆಯ ವೇಳೆ ತೀರಿಕೊಂಡರೆಂದು ದಾಖಲಾದವರ ಹೆಸರಲ್ಲೂ ಮತ್ತೆ ಹೊಸ ಚಿಕಿತ್ಸೆಯ ಕ್ಲೇಮು ಬಂದಿದ್ದನ್ನು ಸಿಎಜಿ 2023ರ ವರದಿಯಲ್ಲಿ ಎತ್ತಿ ತೋರಿಸಿತು. ಹಣ ಹೋದ ಮೇಲೆ ದೆಹಲಿಯಲ್ಲಿ ಲೆಕ್ಕ ತೆಗೆಯುವುದಕ್ಕಿಂತ ವಾರ್ಡಿನಲ್ಲೇ ಒಬ್ಬರು ಫೈಲು ತೆರೆದು ನೋಡುವುದು ಮೇಲು.

ಜಿಲ್ಲಾ ಆರೋಗ್ಯಾಧಿಕಾರಿಗಳು ಆಸ್ಪತ್ರೆಗಳಿಂದ ಪ್ರತಿ ತಿಂಗಳು ಈ ತಪಾಸಣೆಯ ವರದಿ ತರಿಸಿಕೊಳ್ಳಲಿ. ಓದುಗರೇ, ನೀವೂ ಒಟ್ಟು ಮೊತ್ತದ ಚೀಟಿಗೆ ಹಣ ಕಟ್ಟಬೇಡಿ. ಸಾಲುವಾರು ಬಿಲ್ಲು ಕೇಳಿ, ನರ್ಸಮ್ಮನ ಚಾರ್ಟಿನೊಂದಿಗೆ ತಾಳೆ ನೋಡಿ. ಕಾರ್ಡಿದ್ದೂ ದುಡ್ಡು ಕೇಳಿದರೆ 14555ಕ್ಕೆ ಫೋನ್ ಮಾಡಿ.