ಹೆಸರೊಂದು, ಗಿಡ ಎರಡು



ಹೊಸೂರು, ತೊರಪಲ್ಲಿ ಅಗ್ರಹಾರದ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಜಗಲಿಯಲ್ಲಿ ಕುಳಿತು ಮಾತಾಡುತ್ತವೆ. ಇದು ನಮ್ಮ ಭಾಗ್ಯ. ಆದರೆ ಗಿಡಮೂಲಿಕೆಯ ವಿಷಯದಲ್ಲಿ ಇದೇ ಗೊಂದಲಕ್ಕೂ ದಾರಿ. ‘ಬ್ರಹ್ಮದಂಡೆ’ಯನ್ನೇ ನೋಡಿ. ಕನ್ನಡದಲ್ಲಿ ಅದು ಚೆಂಡಿನಂಥ ಹೂವಿನ ಮುಳ್ಳುಗಿಡ. ಸಸ್ಯಶಾಸ್ತ್ರದಲ್ಲಿ ಎಕಿನಾಪ್ಸ್ ಎಕಿನಾಟಸ್. ತಮಿಳಿನಲ್ಲಿ ‘ಬ್ರಹ್ಮದಂಡು’ ಎಂದರೆ ನಾವು ದತ್ತೂರಿ ಎನ್ನುವ ವಿಷದ ಗಿಡ, ಆರ್ಜಿಮೋನ್ ಮೆಕ್ಸಿಕಾನ.

ಎರಡಕ್ಕೂ ಮುಳ್ಳಿದೆ, ಎರಡೂ ಬೀಳುಭೂಮಿಯಲ್ಲಿ ಬೆಳೆಯುತ್ತವೆ. ಗುರುತಿಸುವುದು ಕಷ್ಟವಲ್ಲ. ಬ್ರಹ್ಮದಂಡೆಯ ಕಾಂಡಕ್ಕೂ ಎಲೆಯ ಕೆಳಮೈಗೂ ಹತ್ತಿಯಂಥ ಬಿಳಿ ನವಿರು. ಹೂವು ದುಂಡನೆಯ ಮುಳ್ಳುಚೆಂಡು, ಬಿಳಿ ಬಣ್ಣ. ದತ್ತೂರಿಯ ಹೂವು ಹಳದಿ, ಎಲೆಯ ಮೇಲೆ ಬಿಳಿ ಪಟ್ಟೆ. ಕಾಂಡ ಮುರಿದರೆ ಹಳದಿ ಹಾಲು ಒಸರುತ್ತದೆ.

ಈ ವ್ಯತ್ಯಾಸ ಏಕೆ ಮುಖ್ಯ? ದತ್ತೂರಿಯ ಕಪ್ಪು ಬೀಜ ಸಾಸಿವೆಯನ್ನು ಹೋಲುತ್ತದೆ. ಅದರ ಎಣ್ಣೆ ಅಡಿಗೆಗೆ ಸೇರಿದರೆ ಕಾಲು ಬಾತು, ಉಸಿರು ಕಟ್ಟಿ, ಹೃದಯ ಸೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಸತ್ತರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ ಹಾಕುವವರು ದತ್ತೂರಿಯನ್ನು ಕಾಯಿ ಕಟ್ಟುವ ಮೊದಲೇ ಕಿತ್ತುಹಾಕಬೇಕು.

ಹಾಗಾದರೆ ಬ್ರಹ್ಮದಂಡೆಯನ್ನು ತೋಟದಲ್ಲಿ ಬೆಳೆಸಬಹುದೇ? ಬೇಲಿಯ ಮೂಲೆಯಲ್ಲಿ ಒಂದೆರಡು ಗಿಡಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಬಿಸಿಲು ಬೀಳುವ, ನೀರು ನಿಲ್ಲದ ಕಲ್ಲುಮಣ್ಣು ಸಾಕು; ಗೊಬ್ಬರದ ಹಂಗಿಲ್ಲ. ಆಳಕ್ಕೆ ಬೇರಿಳಿಸುವುದರಿಂದ ಸಸಿ ಕಿತ್ತು ನೆಡುವುದಕ್ಕಿಂತ ಬೀಜವನ್ನು ಇದ್ದಲ್ಲಿಯೇ ಬಿತ್ತುವುದು ಲೇಸು. ಹೂವಿಗೆ ಜೇನುನೊಣ ಬರುತ್ತದೆ. ಆದರೆ ಚೆಂಡು ಒಣಗುವ ಮೊದಲು ಕತ್ತರಿಸಿ. ಇಲ್ಲವಾದರೆ ಮುಂದಿನ ವರ್ಷ ಅದೇ ಹೊಲದ ಕಳೆ. ಮಕ್ಕಳು ಓಡಾಡುವ ದಾರಿಯಲ್ಲಂತೂ ಬೇಡ.

ಬ್ರಹ್ಮದಂಡೆಯ ಬೇರನ್ನು ನಾಟಿ ವೈದ್ಯರು ಹಿಂದಿನಿಂದಲೂ ಬಳಸುತ್ತಾರೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಬರೀ ಹೆಸರು ಕೇಳಿ, ಯಾರೋ ತಂದ ಪುಡಿಯನ್ನು ಕಷಾಯ ಮಾಡಿ ಕುಡಿಯುವುದನ್ನು ಒಪ್ಪಲಾರೆವು. ಪುಡಿಯಾದ ಮೇಲೆ ಹೂವಿನ ಬಣ್ಣ ಕಾಣದು, ಹಾಲಿನ ಗುರುತೂ ಸಿಗದು. ಗರ್ಭಿಣಿಯರೂ ಎಳೆಮಕ್ಕಳೂ ಇರುವ ಮನೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕಾಲು ಬಾತು ಉಸಿರುಗಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಬಳಸಿದ ಎಣ್ಣೆಯನ್ನೂ ಜೊತೆಗೆ ಒಯ್ಯಿರಿ.

ಹಿರಿಯರು ಮಕ್ಕಳನ್ನು ಒಮ್ಮೆ ಹೊಲದ ಬದುವಿಗೆ ಕರೆದೊಯ್ದು ಎರಡೂ ಗಿಡಗಳನ್ನು ತೋರಿಸಲಿ. ಮೂರು ಭಾಷೆಯ ಊರಿನಲ್ಲಿ ಹೆಸರಿಗಿಂತ ಕಣ್ಣನ್ನು ನಂಬುವುದೇ ಕ್ಷೇಮ.