ಗಾಜಿನ ತೊಟ್ಟಿಯ ಸಂಸಾರ

ಯಡಿಯೂರು ಎಂದೊಡನೆ ನಮ್ಮ ಓದುಗರ ಮನಸ್ಸು ಸಹಜವಾಗಿಯೇ ಕುಣಿಗಲ್ ತಾಲೂಕಿನ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯತ್ತ ಹರಿಯುತ್ತದೆ. ನಾನು ಹೇಳಹೊರಟಿರುವುದು ಬೆಂಗಳೂರಿನ ಯಡಿಯೂರಿನ ಮಾತು. ಜಯನಗರದ ಮಗ್ಗುಲಲ್ಲಿ ತನ್ನ ಕೆರೆಯನ್ನು ಹೇಗೋ ಉಳಿಸಿಕೊಂಡಿರುವ ಊರು. ಆ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ನಡೆದಾಡುವುದು ನನ್ನ ರೂಢಿ. ಕಳೆದ ಶ್ರಾವಣದ ಒಂದು ಬೆಳಿಗ್ಗೆ ಮೊಮ್ಮಗನೂ ಸಂಗಡ ಬಂದ. ಅವನ ಕೈಯಲ್ಲೊಂದು ಚೀಲ. ಚೀಲದ ನೀರಿನಲ್ಲಿ ಎಪ್ಪತ್ತಕ್ಕೆ ಕಡಮೆಯಿಲ್ಲದ ಗಪ್ಪಿ ಮೀನುಗಳು. "ತಾತ, ಇವನ್ನು ಕೆರೆಗೆ ಬಿಟ್ಟುಬಿಡೋಣ, ಹಾಯಾಗಿರುತ್ತವೆ" ಎಂದ.

ಅಷ್ಟು ಮೀನುಗಳು ನಮ್ಮ ಮನೆಗೆ ಬಂದದ್ದು ಹೇಗೆಂಬುದನ್ನು ಮೊದಲು ಹೇಳಬೇಕು. ಸಂಕ್ರಾಂತಿಯ ವೇಳೆಗೆ ಅವನ ಒತ್ತಾಯಕ್ಕೆ ಮಣಿದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯನ್ನು ಕೊಡಿಸಿದೆ. 56 ಲೀಟರು ನೀರು ಹಿಡಿಯುತ್ತದೆ. ಆರು ಮೀನುಗಳು ಬಂದವು. ಮೂರನೆಯ ದಿನ ನೀರು ಬದಲಿಸುವ ಉತ್ಸಾಹದಲ್ಲಿ ನಾನೇ ನಲ್ಲಿಯ ಕಾವೇರಿ ನೀರನ್ನು ನೇರವಾಗಿ ತುಂಬಿದೆ. ಸಂಜೆಯ ಹೊತ್ತಿಗೆ ಆರೂ ಮೀನುಗಳು ಮೇಲೆ ತೇಲಿದ್ದವು. ನಮಗೆ ಶುದ್ಧಿಯನ್ನು ಕೊಡುವ ಕ್ಲೋರಿನ್ ಅವುಗಳ ಕಿವಿರಿಗೆ ವಿಷ. ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಅದು ಆರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಅದಕ್ಕೆಂದೇ ದ್ರಾವಣ ದೊರೆಯುತ್ತದೆ. ಎಲ್ಲಾ ನೀರನ್ನೂ ಒಮ್ಮೆಗೇ ಚೆಲ್ಲುವುದೂ ತಪ್ಪೇ. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಸ್ಪಂಜಿನಲ್ಲಿಯೂ ನೆಲೆಯೂರಲು ತಿಂಗಳಿಗೂ ಮೇಲ್ಪಟ್ಟು ಕಾಲ ಬೇಕು. ಆದುದರಿಂದ ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಬದಲಿಸಿದರೆ ಸಾಕು. ಸ್ಪಂಜನ್ನು ಆ ತೊಟ್ಟಿಯ ನೀರಿನಲ್ಲಿಯೇ ಅಲುಬಬೇಕು. ಇಷ್ಟನ್ನು ನಾನು ಆರು ಪ್ರಾಣಗಳ ವೆಚ್ಚದಲ್ಲಿ ಕಲಿತೆ.

ಯುಗಾದಿ ಕಳೆದ ಮೇಲೆ ಮತ್ತೆ ಐದು ಗಪ್ಪಿಗಳು ಬಂದವು, ಎರಡು ಗಂಡು, ಮೂರು ಹೆಣ್ಣು. ಇವು ದಕ್ಷಿಣ ಅಮೆರಿಕದ ಉತ್ತರ ತೀರ, ಟ್ರಿನಿಡಾಡ್ ಮೊದಲಾದ ಕಡೆಯ ಮೂಲದವು. ಟ್ರಿನಿಡಾಡಿನಲ್ಲಿದ್ದ ಗಪ್ಪಿ ಎಂಬ ಪ್ರಕೃತಿ ವಿಜ್ಞಾನಿ ಲಂಡನ್ನಿಗೆ ಕಳುಹಿಸಿದ ಮೀನುಗಳಿಗೆ 1866ರಲ್ಲಿ ಅವರ ಹೆಸರನ್ನಿಟ್ಟರು. ಅದಕ್ಕೂ ಮೊದಲೇ 1859ರಲ್ಲಿ ಜರ್ಮನಿಯ ಪೀಟರ್ಸ್ ಎಂಬ ವಿದ್ವಾಂಸರು ಇದನ್ನು ಬಣ್ಣಿಸಿದ್ದರೂ ಜನರ ಬಾಯಲ್ಲಿ ಉಳಿದದ್ದು ಗಪ್ಪಿಯೇ. ಇದು ಮೊಟ್ಟೆಯಿಡುವುದಿಲ್ಲ, ಜೀವಂತ ಮರಿಗಳನ್ನು ಹಾಕುತ್ತದೆ. ಹೆಣ್ಣಿನ ಹೊಟ್ಟೆಯ ಹಿಂಬದಿಯ ಕಪ್ಪು ಮಚ್ಚೆ ದಟ್ಟವಾಗಿ, ಹೊಟ್ಟೆ ಚೌಕಾಕಾರ ತಾಳಿದರೆ ದಿನ ಸಮೀಪಿಸಿತೆಂದು ತಿಳಿಯಬೇಕು. ಸುಮಾರು ನಾಲ್ಕು ವಾರಕ್ಕೊಮ್ಮೆ ಇಪ್ಪತ್ತೋ ಮೂವತ್ತೋ ಮರಿಗಳು, ಬಲಿತ ತಾಯಿಯಾದರೆ ಇನ್ನೂ ಹೆಚ್ಚು. ಒಮ್ಮೆ ಗಂಡಿನ ಸಂಗವಾದರೆ ಆ ಬೀಜವನ್ನು ಒಡಲಲ್ಲಿಯೇ ಕಾಪಿಟ್ಟುಕೊಂಡು ಹಲವು ತಿಂಗಳವರೆಗೆ ಹೆರಬಲ್ಲದು. ಇದನ್ನು ತಿಳಿದಾಗ ನನ್ನ ಸೊಸೆ, "ಮಾವ, ಹಾಗಾದರೆ ಗಂಡುಗಳನ್ನು ಬೇರೆ ಮಾಡಿಯೂ ಪ್ರಯೋಜನವಿಲ್ಲವೇ?" ಎಂದು ಕೇಳಿದಳು. ಇದೆ, ಆದರೆ ತಡವಾಗಿ.

ಹೆತ್ತ ತಾಯಿಯೇ ಮರಿಗಳನ್ನು ನುಂಗುತ್ತಾಳೆ. ಮೊದಲ ಸಲ ಇದನ್ನು ಕಂಡು ಹುಡುಗ ಅತ್ತುಬಿಟ್ಟ. ಮರುದಿನವೇ ಬೇರೊಂದು ಟಬ್ಬು ತಂದು, ಅದರಲ್ಲಿ ದಟ್ಟವಾಗಿ ಪಾಚಿ ಹರಡಿ, ಗಬ್ಬದ ಹೆಣ್ಣುಗಳನ್ನು ಅದರಲ್ಲಿ ಬಿಟ್ಟು, ಹೆತ್ತೊಡನೆ ತಾಯಿಯನ್ನು ಹೊರತೆಗೆಯುವ ಕ್ರಮವನ್ನು ಹಿಡಿದ. ಆಮೇಲೆ ಒಂದು ಮರಿಯೂ ಹಾಳಾಗಲಿಲ್ಲ. ನಮ್ಮ ತೊಂದರೆಯ ಮೂಲವೂ ಅದೇ.

ಆಹಾರದ ಪ್ರಶ್ನೆ ಮನೆಯಲ್ಲಿ ಸಣ್ಣ ವಿವಾದವನ್ನೇ ಎಬ್ಬಿಸಿತು. ಮರಿಗಳಿಗೆ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಉಣಿಸಬೇಕೆಂದು ಬಲ್ಲವರೆಲ್ಲರೂ ಹೇಳುತ್ತಾರೆ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದಿಲ್ಲ. ಸಿದ್ಧ ಆಹಾರವೇ ಇರಲೆಂದರೆ, ಡಬ್ಬಿಯ ಮೇಲಿನ ಸಣ್ಣಕ್ಷರಗಳಲ್ಲಿ ಮೊದಲಿಗಿದ್ದುದೇ ಮೀನಿನ ಹಿಟ್ಟು. ಅದನ್ನು ಓದಿದವರು ನಮ್ಮ ಮನೆಯವರು. ಎರಡು ದಿನ ಮೌನ. ಮೂರನೆಯ ದಿನ ಅವರೇ ತೀರ್ಪಿತ್ತರು: ಡಬ್ಬಿ ಜಗಲಿಯ ಗೂಡಿನಲ್ಲಿರಲಿ, ಅಡುಗೆಮನೆಯ ಕಡೆ ಬರಬಾರದು, ಮುಟ್ಟಿದವರು ಕೈತೊಳೆದು ಒಳಬರಬೇಕು. ಅದನ್ನೇ ಬೆರಳಲ್ಲಿ ನುಣ್ಣಗೆ ಪುಡಿಮಾಡಿ ಮರಿಗಳಿಗೆ ಹಾಕಿದೆವು. ಶಾಸ್ತ್ರವನ್ನೋದಿದ ನನಗಿಂತ ಅವರ ವಿವೇಚನೆಯೇ ಲೇಸೆನಿಸಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವಿದೆ. ಯಾವ ಮೀನಿಗೆ ಯಾವ ಆಹಾರ ಹಿತವೆಂಬುದನ್ನು ಆತ ಬಲು ಸೂಕ್ಷ್ಮವಾಗಿ ವಿವರಿಸುತ್ತಾನೆ. ಆದರೆ ಅಲ್ಲಿನ ಉಪಚಾರವೆಲ್ಲ ಕಡೆಗೆ ಗಾಳಕ್ಕೆ ಸಿಕ್ಕಿಸುವುದಕ್ಕಾಗಿ.

ಶ್ರಾವಣದ ಹೊತ್ತಿಗೆ ಮೀನುಗಳು ನೂರನ್ನು ದಾಟಿದವು. ನೀರು ಹೊಲಸಾಗತೊಡಗಿತು, ಕೆಲವು ಮೇಲೆ ಬಂದು ಬಾಯ್ಬಿಡುತ್ತಿದ್ದವು. ಹೀಗೆ ನಾವು ಕೆರೆಯ ದಂಡೆಗೆ ಬಂದಿದ್ದೆವು.

ನಾನು ಬೇಡವೆಂದಾಗ ಹುಡುಗ ಸೋಲಲಿಲ್ಲ. "ಸರಕಾರದವರೇ ಸೊಳ್ಳೆ ತಿನ್ನಲಿ ಅಂತ ಗಪ್ಪಿ ಬಿಡ್ತಾರಲ್ಲ ತಾತ?" ಎಂದ. ನಿಜವೇ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳ ಬಾವಿಗಳಲ್ಲಿ 1990ರ ದಶಕದಲ್ಲಿ ಇಂಥ ಮೀನುಗಳನ್ನು ಬಿಟ್ಟು ಮಲೇರಿಯವನ್ನು ಬಹುಮಟ್ಟಿಗೆ ಇಳಿಸಿದ್ದುಂಟು. ಬಾವಿಯ ಮೀನು ಬಾವಿಯಲ್ಲಿಯೇ ಇರುತ್ತದೆ. ಕೆರೆ ಹಾಗಲ್ಲ, ಕೋಡಿ ಬಿದ್ದರೆ ನೀರಿನೊಡನೆ ಮೀನೂ ಕಾಲುವೆ ಹಿಡಿದು ಮುಂದಿನ ಕೆರೆಗೆ ನಡೆಯುತ್ತದೆ. ತಲೆಯ ಮೇಲೆ ಬೆಳ್ಳಿಯ ಬೊಟ್ಟಿಟ್ಟಂತಿರುವ ನಮ್ಮ ನಾಡಿನದೇ ಸಣ್ಣ ಮೀನೊಂದಿದೆ. ಸೊಳ್ಳೆಯ ಮರಿಗಳನ್ನು ಅದೂ ತಿನ್ನುತ್ತದೆ. ಹೊರಗಿನವು ಬಂದು ಸೇರಿದರೆ ಅಂಥವುಗಳ ಮೊಟ್ಟೆಮರಿಗಳಿಗೆ, ಮೇವಿಗೆ ಸಂಚಕಾರ. ತೊಟ್ಟಿಯ ರೋಗಗಳೂ ಜೊತೆಯಲ್ಲಿ ಹೋಗುತ್ತವೆ. ಅದಲ್ಲದೆ ಜಾಲರಿಯಂಥ ಬಾಲವನ್ನೆಳೆದುಕೊಂಡು ಮೆಲ್ಲನೆ ತೇಲುವ ಈ ಸಾಕಿದ ಮೀನು ಕೊಕ್ಕರೆಯ ಮುಂದೆ ಎಷ್ಟು ಹೊತ್ತು ಬಾಳೀತು? ಆ ಗಳಿಗೆಗೆ ಸರಿಯಾಗಿ ಒಂದು ಬಿಳಿಯ ಹಕ್ಕಿ ನೀರಂಚಿನಲ್ಲಿ ನಿಂತಿತ್ತು. ಹುಡುಗ ಅದನ್ನು ನೋಡಿದ, ಚೀಲವನ್ನು ಎದೆಗೊತ್ತಿಕೊಂಡ.

ಮನೆಗೆ ಮರಳಿ ವಿಂಗಡಿಸಲು ಕುಳಿತೆವು. ಗಂಡಿನ ಹೊಟ್ಟೆಯಡಿಯ ಹಿಂದಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ, ಹೆಣ್ಣಿನದು ಬೀಸಣಿಗೆಯಂತೆ ಅಗಲವಾಗಿಯೇ ಉಳಿಯುತ್ತದೆ. ತಿಂಗಳು ತುಂಬುವುದರೊಳಗೆ ಇದನ್ನು ನೋಡಿ ಬೇರ್ಪಡಿಸದಿದ್ದರೆ ಕೆಲಸ ಕೆಟ್ಟಂತೆ. ಇಪ್ಪತ್ತು ಮೀನುಗಳನ್ನು ಅಂಗಡಿಯವರು ಕೊಂಡು ಬದಲಿಗೆ ಒಂದು ಪೊಟ್ಟಣ ಆಹಾರ ಕೊಟ್ಟರು. ನೆರೆಯ ಎರಡು ಮನೆಗಳ ತಾವರೆಯ ಕುಂಡಗಳಿಗೆ ಹನ್ನೆರಡು ಗಂಡುಗಳು ಹೋದವು. ಉಳಿದವು ಎರಡು ತೊಟ್ಟಿಗಳಲ್ಲಿ ಬೇರೆಬೇರೆಯಾಗಿವೆ.

ಮೊದಲಿನ ಮೂರು ಹೆಣ್ಣುಗಳು ಮಾತ್ರ ಹಳೆಯ ಬೀಜದಿಂದ ಈಗಲೂ ಹೆರುತ್ತಿವೆ. ಇನ್ನು ಮುಂದೆ ಮರಿಗಳನ್ನು ಬೇರ್ಪಡಿಸುವುದು ಬೇಡವೆಂದೆ. "ಅವರಮ್ಮ ತಿನ್ನಲಿ ಅಂತ ನೋಡ್ಕೊಂಡು ಇರಬೇಕಾ ತಾತ?" ಎಂದ. ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ನಿನ್ನೆ ಸಂಜೆ ಒಂದು ಹೆಣ್ಣಿನ ಮಚ್ಚೆ ಮತ್ತೆ ಕಪ್ಪಾಗಿದೆ. ಹುಡುಗ ಟಬ್ಬನ್ನು ತೊಳೆದು ಜಗಲಿಯಲ್ಲಿ ಬೋರಲು ಹಾಕಿದ್ದಾನೆ; ಅದರಲ್ಲಿ ನೀರನ್ನಿನ್ನೂ ತುಂಬಿಲ್ಲ.